ಅಪ್‌ಡೇಟ್: ಅಂಗಳದ ಅಡುಗೆಕಟ್ಟೆ ಮೊದಲ ಚಳಿಗಾಲ ದಾಟಿತು

ನೆಲವೇ ಹೆಪ್ಪುಗಟ್ಟುವಂಥ ಚಳಿಯಲ್ಲಿ, ಅಂಗಳದ ಹಳೆಯ 4 ಅಂಗುಲದ ಕಾಂಕ್ರೀಟ್ ಹಾಸಿನ ಮೇಲೆಯೇ ಇಟ್ಟಿಗೆಯ ಅಡುಗೆಕಟ್ಟೆಯನ್ನು ಕಟ್ಟಬಹುದೇ ಎಂದು ಕಳೆದ ವರ್ಷ ಕೇಳಿದ್ದೆ. ಬೇಡ, ನೆಲ ಹೆಪ್ಪುಗಟ್ಟುವ ಆಳಕ್ಕಿಂತಲೂ ಕೆಳಗಿನಿಂದ ತಳಪಾಯ ಎಬ್ಬಿಸಿ ಎಂದು ಬಹುತೇಕರು ಹೇಳಿದಿರಿ; ಖರ್ಚು ನೋಡಿ ಒಂದು ವಾರ ಗೊಣಗಿದೆನಾದರೂ ಕೊನೆಗೆ ಹಾಗೆಯೇ ಮಾಡಿಸಿದೆ. ಹಾಸಿಗೂ ಕಟ್ಟೆಗೂ ನಡುವೆ ಅರ್ಧ ಅಂಗುಲದ ಸಂದು ಬಿಟ್ಟಿದ್ದರಿಂದ, ಚಳಿಗಾಲದಲ್ಲಿ ಹಾಸು ಮೇಲೆದ್ದು ಮತ್ತೆ ಕುಳಿತರೂ ಕಟ್ಟೆ ಕದಲಲಿಲ್ಲ.

ತೊಂದರೆಯಾದದ್ದು ನಾನು ಲೆಕ್ಕಕ್ಕೇ ಇಟ್ಟುಕೊಳ್ಳದ ಜಾಗದಲ್ಲಿ. ಮೇಲುಹಾಸಿನ ಗ್ರಾನೈಟ್ ಗೋಡೆಯಿಂದ ಒಂದೂವರೆ ಅಂಗುಲ ಹೊರಚಾಚಿದೆ. ಆದರೆ ಒಂದು ಬದಿಯಲ್ಲಿ ಮಾತ್ರ, ನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳುವಂತೆ ಕಲ್ಲಿನ ಅಡಿಗೆ ಕೊರೆಯುವ ಗೀರು ತಪ್ಪಿಹೋಗಿತ್ತು. ಕರಗಿದ ಹಿಮದ ನೀರು ಕಲ್ಲಿನ ಅಡಿಯನ್ನೇ ಹಿಡಿದು ಹರಿದು ಮೊದಲ ಸಾಲಿನ ಗಾರೆಯೊಳಗೆ ಇಳಿಯಿತು. ಹೆಪ್ಪುಗಟ್ಟಿದಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ರಾತ್ರಿ ಹೆಪ್ಪು, ಹಗಲು ಕರಗು ಎಂಬ ಆಟದಲ್ಲಿ ಗಾರೆ ಸಡಿಲಗೊಂಡು, ಉಗುರಿನಿಂದ ಕೆರೆದರೂ ಮರಳಾಗಿ ಉದುರುತ್ತಿತ್ತು. ಗೀರು ಇದ್ದ ಮೂರು ಬದಿಗಳಲ್ಲಿ ಒಂದು ಸಂದೂ ಕೆಟ್ಟಿಲ್ಲ. ಕೆಟ್ಟ ಸಾಲನ್ನು ಮುಕ್ಕಾಲು ಅಂಗುಲ ಕೆತ್ತಿಸಿ, ಇಟ್ಟಿಗೆಗಿಂತ ಗಟ್ಟಿಯಾಗದಂತೆ ಸುಣ್ಣ ಬೆರೆಸಿದ ಗಾರೆಯನ್ನು ತುಂಬಿಸಿ, ಗೀರನ್ನೂ ಕೊರೆಸಿದ್ದೇನೆ.

ನಲ್ಲಿಯ ಕೊಳವೆಗೆ ಮನೆಯೊಳಗೇ ವಾಲ್ವ್ ಇಟ್ಟು, ಚಳಿಗೆ ಮುನ್ನ ನೀರನ್ನು ಪೂರ್ತಿ ಬಸಿದಿದ್ದರಿಂದ ಅದು ಸುರಕ್ಷಿತವಾಗಿದೆ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿದು ಕಟ್ಟಿದ್ದು ಮಾತ್ರ ನನ್ನದೇ ಜಾಣತನ: ಒಳಗೆಲ್ಲ ಬೆವರು. ಮುಂದಿನ ಚಳಿಗೆ ಬದಿಗಳು ತೆರೆದಿರುವ ತಗಡಿನ ಮಾಡನ್ನು ಹಾಕಿಸುತ್ತಿದ್ದೇನೆ.