ಶಾಮ್ ಇಂಜೆಕ್ಷನ್‌ಗೆ ‘ಹುಸಿಮದ್ದು’ ಅನ್ಬಹುದಾ?

ಎಲ್ರಿಗೂ ನಮಸ್ಕಾರ. ಹೊಸ ಚಿಕಿತ್ಸೆನ ಪರೀಕ್ಷಿಸೋ ಟ್ರಯಲ್‌ಗಳಲ್ಲಿ ಕೆಲವರಿಗೆ ಬರೀ ಚುಚ್ಚಿದ ಹಾಗೆ ಮಾಡ್ತಾರಲ್ಲ, ಆ ‘ಶಾಮ್’ ಇಂಜೆಕ್ಷನ್‌ಗೆ ಕನ್ನಡದಲ್ಲಿ ಏನನ್ನೋದು ಅಂತ ಕೇಳೋದಿತ್ತು, ಮೊದ್ಲು ಹಿನ್ನೆಲೆ ಹೇಳ್ತೀನಿ. ಅಮ್ಮಂಗೆ ಎಎಮ್‌ಡಿ (ವಯಸ್ಸಾದಂತೆ ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದ ಪರದೆ, ನಡುವಲ್ಲಿ ಸವೆಯೋ ಕಾಯಿಲೆ), ದೊಡ್ಡಪ್ಪಂಗೆ ಗ್ಲಾಕೋಮಾ. ಇಬ್ರೂ ಯಾವ್ದಾದ್ರೂ ಟ್ರಯಲ್‌ಗೆ ಸೇರ್ಕೋಬಹುದಾ ಅಂತ ನೋಡ್ತಾ ಇದೀವಿ, ಇಂಗ್ಲಿಷಲ್ಲಿರೋದನ್ನ ಕನ್ನಡದಲ್ಲಿ ಬರ್ದು ಓದಿ ಹೇಳೋ ಕೆಲ್ಸ ನನ್ ತಲೆಗೆ ಬಿತ್ತು, ಮೊದಲ್ನೇ ಸಾಲಲ್ಲೇ ಎಡವಿದೆ. ‘ಡ್ರೈ ಎಎಮ್‌ಡಿ’ನ ‘ಒಣ’ ಅಂತ ಬರ್ದೆ, ಅಮ್ಮ “ನನ್ ಕಣ್ಣಲ್ಲಿ ನೀರು ಬರ್ತಾನೇ ಇರತ್ತಲ್ಲೋ, ಒಣ ಎಲ್ಲಿಂದ ಬಂತು?” ಅಂದ್ರು. ಇಲ್ಲಿ ಒಣ ಅಂದ್ರೆ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳ್ದು ಸೋರ್ತಾ ಇಲ್ಲ ಅಂತ ಅಷ್ಟೇ, ಸೋರಿದ್ರೆ ವೆಟ್. ಕಣ್ಣೀರಿಗೂ ಇದಕ್ಕೂ ಸಂಬಂಧನೇ ಇಲ್ಲ. ಹಾಗಾಗಿ ‘ಸೋರದ ಬಗೆ, ಸೋರುವ ಬಗೆ’ ಅಂತ ತಿದ್ದಿದೀನಿ, ಹೇಗಿದೆ ಹೇಳಿ.

ಎಎಮ್‌ಡಿ ಅನ್ನೋ ಹೆಸರಿಗೆ ಪತ್ರಿಕೆಗಳಲ್ಲಿ ‘ಅಕ್ಷಿಪಟಲದ ಅವನತಿ’ ಅಂತ ನೋಡಿದೀನಿ. ಅವನತಿ ಅಂದ್ರೆ ನಂಗೆ ಸಾಮ್ರಾಜ್ಯ ನೆನಪಾಗತ್ತೆ, ಕಣ್ಣಲ್ಲ. ಎಎಮ್‌ಡಿಲಿ ಹೋಗೋದು ನಡುವಿನ ನೋಟ, ಎದುರಿಗೆ ಕೂತೋರ ಮುಖ ಮಸುಕು, ಬಾಗಿಲ ಚೌಕಟ್ಟು ಮಾತ್ರ ಸರಿಯಾಗಿ ಕಾಣತ್ತೆ. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಉಲ್ಟಾ, ದೃಷ್ಟಿನರ ಹಾಳಾಗಿ ಅಂಚಿಂದ ಶುರುವಾಗತ್ತೆ, ಅದಕ್ಕೇ ಬಹಳ ದಿನ ಗೊತ್ತೇ ಆಗಲ್ಲ. ‘ನಡುನೋಟದ ಸವೆತ’, ‘ಅಂಚುನೋಟದ ಸವೆತ’ ಅಂದ್ರೆ ಇಬ್ರಿಗೂ ತಕ್ಷಣ ಅರ್ಥ ಆಯ್ತು. ಆದ್ರೂ ದೊಡ್ಡಪ್ಪ ಎರಡನ್ನೂ ‘ಪೊರೆ’ ಅಂತಾನೇ ಕರೆಯೋದು. ಪೊರೆ ತೆಗೆದು ಲೆನ್ಸ್ ಹಾಕಿದ್ರೆ ನೋಟ ಬರತ್ತೆ, ಇವೆರಡರಲ್ಲೂ ಹೋದ ನೋಟ ಸಾಮಾನ್ಯವಾಗಿ ವಾಪಸ್ ಬರಲ್ಲ, ಆ ಒಂದು ಪದ ಸುಮ್ನೆ ಆಸೆ ಹುಟ್ಸತ್ತೆ. ಅಂದಹಾಗೆ ಗ್ಲಾಕೋಮಾದಲ್ಲಿ ಈಗ ವಿಟಮಿನ್ ಬಿ3 ಕೊಟ್ಟು ನರ ಉಳಿಸಕ್ಕಾಗತ್ತಾ ಅಂತ ಟ್ರಯಲ್ ಆಗ್ತಿದೆ, ಅದಕ್ಕೆ ‘ನರ ಪೊರೆಯುವ ಮದ್ದು’ ಅಂತ ಬರ್ದು ಖುಷಿಪಟ್ಟೆ, ಆಮೇಲೆ ದೊಡ್ಡಪ್ಪ ಏನಂತ ಓದ್ಕೋತಾರೆ ಅಂತ ಹೊಳೆದು ಹೊಡೆದು ಹಾಕ್ದೆ.

ಈಗ ನಿಜವಾದ ಪ್ರಶ್ನೆ. ಪ್ಲಸೀಬೋಗೆ (ಮದ್ದಿನ ಹಾಗೇ ಕಾಣೋ, ಆದ್ರೆ ಒಳಗೆ ಮದ್ದಿಲ್ಲದ್ದು) ‘ಹುಸಿಮದ್ದು’ ಅಂತಾರಲ್ಲ, ಗ್ಲಾಕೋಮಾ ಟ್ರಯಲ್‌ಗೆ ಅದು ಸರಿಯಾಗೇ ಕೂರತ್ತೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಜಿಟಿಎಸ್ ಅನ್ನೋ ಗ್ಲಾಕೋಮಾ ಟ್ರಯಲ್‌ನಲ್ಲಿ ಅರ್ಧ ಜನಕ್ಕೆ ಕಣ್ಣಿನ ಒತ್ತಡ ಇಳಿಸೋ ಲ್ಯಾಟನೋಪ್ರೋಸ್ಟ್ ಹನಿ, ಉಳಿದೋರಿಗೆ ಮದ್ದಿಲ್ಲದ ಹನಿ. ಅದೇ ಬ್ರಿಟನ್ನಿನ ಲೈಟ್ ಟ್ರಯಲ್‌ನಲ್ಲಿ ಲೇಸರ್ ಮೊದ್ಲಾ ಹನಿ ಮೊದ್ಲಾ ಅಂತ ಹೋಲಿಸಿದ್ದು, ಎರಡೂ ಅಸಲಿ, ಅಲ್ಲಿ ಈ ಪದದ ತಂಟೆನೇ ಇಲ್ಲ. ಆದ್ರೆ ಎಎಮ್‌ಡಿಲಿ ಮದ್ದು ಹೋಗೋದು ಕಣ್ಣೊಳಗೆ ಸೂಜಿಯಿಂದ. ರ‍್ಯಾನಿಬಿಝುಮ್ಯಾಬ್ ಅನ್ನೋ ವೆಟ್ ಎಎಮ್‌ಡಿ ಮದ್ದಿನ ಮರೀನಾ ಟ್ರಯಲ್‌ನಲ್ಲಿ (ಫಲಿತಾಂಶ ಬಂದಿದ್ದು 2006) ಒಂದು ಗುಂಪಿಗೆ ಶಾಮ್ ಕೊಟ್ರು, ಅಂದ್ರೆ ಕಣ್ಣು ಮರಗಟ್ಟಿಸಿ, ಸೂಜಿ ಇಲ್ಲದ ಸಿರಿಂಜಿನ ತುದಿನ ಕಣ್ಣಿಗೆ ಒತ್ತಿ ಚುಚ್ಚಿದ ಹಾಗೆ ಮಾಡೋದು. ಮದ್ದೂ ಇಲ್ಲ, ಚುಚ್ಚೋದೂ ಇಲ್ಲ, ಅದು ಹುಸಿಮದ್ದು ಹೇಗಾಗತ್ತೆ? ಇನ್ನೊಂದು ತೊಡಕು, ಈಗಿನ ವೆಟ್ ಎಎಮ್‌ಡಿ ಟ್ರಯಲ್‌ಗಳಲ್ಲಿ ಹೊಸ ಮದ್ದನ್ನ ಹೋಲಿಸೋದು ಹಳೇ ಅಸಲಿ ಮದ್ದಿನ ಜೊತೆ. ಒಂದು ತಿಂಗಳಿಗೊಮ್ಮೆ, ಇನ್ನೊಂದು ನಾಲ್ಕು ತಿಂಗಳಿಗೊಮ್ಮೆ ಕೊಡೋದಾದ್ರೆ, ಯಾರಿಗೆ ಯಾವುದು ಅಂತ ಗೊತ್ತಾಗ್ಬಾರ್ದಲ್ಲ, ಮಧ್ಯದ ಭೇಟಿಗಳಲ್ಲಿ ಶಾಮ್ ಮಾಡ್ತಾರೆ. ಅಲ್ಲಿ ಯಾರಿಗೂ ಮದ್ದು ತಪ್ಪಿಲ್ಲ.

ಮೊದ್ಲು ‘ಸುಳ್ಳು ಇಂಜೆಕ್ಷನ್’ ಅಂತ ಓದಿದೆ, ಅಮ್ಮ “ಹಂಗಾದ್ರೆ ಮೋಸ ಮಾಡ್ತಾರಾ?” ಅಂತ ಕನ್ನಡಕ ತೆಗ್ದು ಕೆಳಗಿಟ್ರು. ‘ಹುಸಿಚುಚ್ಚು’ ಪರವಾಗಿಲ್ಲ ಅನ್ಸತ್ತೆ, ಹುಸಿನಗೆ ಹುಸಿಮುನಿಸಲ್ಲಿ ಹುಸಿಗೆ ಕೆಟ್ಟತನ ಇಲ್ಲ, ಆದ್ರೆ ಹುಸಿ ಬಾಂಬ್ ಬೆದರಿಕೆ ಅಂತ ದಿನಾ ಓದಿ ಓದಿ ಅದೂ ಕೆಟ್ಟಿದೆ. ‘ಸೂಜಿ ಇಲ್ಲದ ಇಂಜೆಕ್ಷನ್’ ಅನ್ನಂಗಿಲ್ಲ, ರಭಸದಲ್ಲಿ ಮದ್ದು ಚಿಮ್ಸೋ ಆ ಥರದ್ದು ನಿಜವಾಗ್ಲೂ ಬೇರೆ ಇದೆ. ‘ತೋರಿಕೆ ಚುಚ್ಚು’ ಅಂದ್ರೆ ಹೇಗೆ? ಇಲ್ಲಾ ಶಾಮ್ ಅಂತಾನೇ ಬಿಟ್ಟು ಪಕ್ಕದಲ್ಲಿ ಒಂದು ಸಾಲು ವಿವರಣೆ ಬರೀಲಾ? ಆದ್ರೆ ಹಾಗೆ ಬಿಟ್ರೆ ಅಮ್ಮ ಅದನ್ನ ಶ್ಯಾಮ್ ಅಂತ ಯಾರೋ ಡಾಕ್ಟರ್ ಹೆಸರು ಅಂದ್ಕೊಳ್ಳೋದು ಗ್ಯಾರಂಟಿ.