ಕ್ಲೌಡ್‌ಗೆ ಏರಿಸುವ ಮುನ್ನವೇ ಕಡತಗಳನ್ನು ಎನ್‌ಕ್ರಿಪ್ಟ್ ಮಾಡಬೇಕೇ?

ಪ್ರಶ್ನೆ:
ಮನೆಯವರ ಆಧಾರ್, ಪ್ಯಾನ್, ಜಮೀನಿನ ಪಹಣಿ, ತಂದೆಯವರ ವೈದ್ಯಕೀಯ ವರದಿಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ನಲ್ಲಿ ಇಡಬೇಕೆಂದಿದ್ದೇನೆ. ಅಲ್ಲಿ ಕಡತಗಳು ಹೇಗೂ ಎನ್‌ಕ್ರಿಪ್ಟ್ ಆಗಿಯೇ (ಕೀಲಿಯಿಲ್ಲದೆ ಓದಲಾಗದ ಗುಪ್ತರೂಪದಲ್ಲಿ) ಇರುತ್ತವೆ ಎನ್ನುತ್ತಾರೆ. ಹಾಗಿದ್ದ ಮೇಲೆ ನನ್ನ ಕಂಪ್ಯೂಟರಿನಲ್ಲೇ ಮತ್ತೊಮ್ಮೆ ಮಾಡುವ ಅಗತ್ಯವಿದೆಯೇ? ವಿಂಡೋಸ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ ತೆರೆಯುವಂತಿರಬೇಕು.

ಉತ್ತರ 1:
ಖಂಡಿತ ಇದೆ. ಅಲ್ಲಿನ ಎನ್‌ಕ್ರಿಪ್ಷನ್‌ನ ಕೀಲಿ ಸಾಮಾನ್ಯ ಖಾತೆಗಳಲ್ಲಿ ಸೇವೆ ನೀಡುವವರ ಬಳಿಯೇ ಇರುವುದರಿಂದ, ನಿಮ್ಮ ಖಾತೆಯೊಳಗೆ ಯಾರಾದರೂ ನುಸುಳಿದರೆ ಅವರಿಗೆ ಎಲ್ಲವೂ ತೆರೆದ ರೂಪದಲ್ಲೇ ಸಿಗುತ್ತದೆ. ನಿಮ್ಮ ಅಗತ್ಯಕ್ಕೆ ಕ್ರಿಪ್ಟೊಮೇಟರ್ ಸೂಕ್ತ. ಅದು ಮುಕ್ತ ತಂತ್ರಾಂಶ. ಪ್ರತಿ ಕಡತವನ್ನೂ ಬೇರೆಬೇರೆಯಾಗಿ ಎಇಎಸ್-256 ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡುತ್ತದೆ, ಕಡತದ ಹೆಸರನ್ನೂ ಮರೆಮಾಡುತ್ತದೆ. ವೆರಾಕ್ರಿಪ್ಟ್ ಕೂಡ ಒಳ್ಳೆಯದೇ, ಆದರೆ ಅದು ಎಲ್ಲವನ್ನೂ ಒಂದೇ ದೊಡ್ಡ ಕಡತದಲ್ಲಿ ಇಡುವುದರಿಂದ, ಒಂದು ಪುಟ ಬದಲಾಯಿಸಿದರೂ ಅಷ್ಟನ್ನೂ ಮತ್ತೆ ಅಪ್‌ಲೋಡ್ ಮಾಡಬೇಕಾದೀತು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಕಡತಗಳ ಗಾತ್ರ, ಸಂಖ್ಯೆ, ತಿದ್ದಿದ ದಿನಾಂಕಗಳು ಕ್ರಿಪ್ಟೊಮೇಟರ್‌ನಲ್ಲಿಯೂ ಹೊರಗೆ ಕಾಣುತ್ತವೆ. ಮನೆಯ ದಾಖಲೆಗಳಿಗೆ ಇದು ದೊಡ್ಡ ಅಪಾಯವಲ್ಲ. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಪಾಸ್‌ವರ್ಡ್. ಅದು ಮರೆತುಹೋದರೆ ತಂತ್ರಾಂಶ ಬರೆದವರೂ ನಿಮ್ಮ ಕಡತಗಳನ್ನು ತೆರೆದುಕೊಡಲಾರರು. ಆದ್ದರಿಂದ ವಾಲ್ಟ್ (ಎನ್‌ಕ್ರಿಪ್ಟ್ ಆದ ಕಡತಗಳನ್ನು ಇಡುವ ಫೋಲ್ಡರ್) ರಚಿಸುವಾಗಲೇ, ಪಾಸ್‌ವರ್ಡ್ ಮರೆತಾಗ ನೆರವಾಗುವ 44 ಪದಗಳ ರಿಕವರಿ ಕೀಯನ್ನು ಪಡೆದು, ಕಾಗದದ ಮೇಲೆ ಬರೆದು, ಜಮೀನಿನ ಮೂಲ ಪತ್ರಗಳ ಜೊತೆಗಿಟ್ಟು, ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿಸಿರಿ. ತಂದೆಯವರ ವರದಿಗಳು ತುರ್ತಾಗಿ ಬೇಕಾಗುವ ದಿನ ನೀವೇ ಊರಲ್ಲಿಲ್ಲದಿರಬಹುದು.

ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ. ಫೋನಿನ ಕ್ಯಾಮೆರಾದಿಂದ ದಾಖಲೆಯ ಚಿತ್ರ ತೆಗೆದರೆ, ಗೂಗಲ್ ಫೋಟೋಸ್‌ನ ಬ್ಯಾಕಪ್ ಚಾಲೂ ಇದ್ದಲ್ಲಿ, ನೀವು ವಾಲ್ಟಿಗೆ ಸೇರಿಸುವ ಮೊದಲೇ ಎನ್‌ಕ್ರಿಪ್ಟ್ ಆಗದ ಒಂದು ಪ್ರತಿ ಕ್ಲೌಡ್ ತಲುಪಿರುತ್ತದೆ. ಮೊದಲು ಅದನ್ನು ನಿಲ್ಲಿಸಿರಿ. ಈಗಾಗಲೇ ಏರಿಸಿರುವ ಪ್ರತಿಗಳನ್ನು ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ಬ್ಯಾಕಪ್ ನಿಲ್ಲಿಸುತ್ತೇನೆ. ನನ್ನ ಕಡತಗಳಿಗೆ ಉದ್ದವಾದ ಕನ್ನಡ ಹೆಸರುಗಳಿವೆ. ಅವುಗಳಿಂದ ತೊಂದರೆಯಾಗುವುದೇ?

ಉತ್ತರ 1:
ಕ್ರಿಪ್ಟೊಮೇಟರ್‌ನಲ್ಲಿ ಆಗದು, ಎನ್‌ಕ್ರಿಪ್ಟ್ ಆದ ಹೆಸರು ಮಿತಿ ಮೀರಿದರೆ ಅದೇ ಚಿಕ್ಕದಾಗಿಸಿಕೊಳ್ಳುತ್ತದೆ. ಮುಂದೆ ಆರ್‌ಕ್ಲೋನ್ (ಕಡತಗಳನ್ನು ಕ್ಲೌಡ್‌ಗೆ ನಕಲಿಸುವ ಇನ್ನೊಂದು ತಂತ್ರಾಂಶ) ಬಳಸಿ ಎನ್‌ಕ್ರಿಪ್ಟ್ ಮಾಡುವುದಾದರೆ ಮಾತ್ರ ಎಚ್ಚರ ಬೇಕು. ಅಲ್ಲಿ ಹೆಸರು 143 ಬೈಟ್ ಒಳಗಿದ್ದರೆ ಕ್ಷೇಮ, ಆದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್ ಹಿಡಿಯುತ್ತದೆ. ಒತ್ತು, ಕಾಗುಣಿತಗಳೂ ಲೆಕ್ಕಕ್ಕೆ ಬರುವುದರಿಂದ ‘ಕ್ಷೇ’ ಎಂಬ ಒಂದೇ ಅಕ್ಷರಕ್ಕೆ 12 ಬೈಟ್ ಬೇಕು.