ದುಡ್ಡು ಬೇಡ ಅಂತಾರೆ. ಹಾಗಾದರೆ ಏನು ಕೊಡಲಿ?

ಮೂರ್ನಾಡು_ಜೆರಾಕ್ಸ್

ಎಲ್ಲರಿಗೂ ನಮಸ್ಕಾರ. ಹಳೇ ಕಂಪ್ಯೂಟರ್ ಪ್ರಿಯರ ಈ ಗುಂಪಿನಲ್ಲಿ ಒಂದು ಫೋಟೋ ಹಾಕಿದ್ದು ಬಿಟ್ಟರೆ ಸುಮ್ನೆ ಓದುತ್ತಾ ಇದ್ದವಳು, ಪ್ರಶ್ನೆ ಕೇಳುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೂರ್ನಾಡಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಕಳೆದ ಬೇಸಿಗೆಯಲ್ಲಿ ಹೆಂಚು ಬದಲಾಯಿಸಲು ಅಟ್ಟ ಖಾಲಿ ಮಾಡುವಾಗ ಹಳೇ ಗೋಣಿಚೀಲಗಳ ಹಿಂದೆ ಬಿಬಿಸಿ ಮೈಕ್ರೋ ಅನ್ನುವ ಒಂದು ಹಳೇ ಕಂಪ್ಯೂಟರ್ ಸಿಕ್ಕಿತು. ನಮ್ಮ ಚಿಕ್ಕಪ್ಪ ಮೇಷ್ಟ್ರಾಗಿದ್ದರು. ಶಾಲೆಯಲ್ಲಿ ಹಳೇ ಸಾಮಾನು ಹರಾಜು ಹಾಕಿದಾಗ ಹಿಡಿದುಕೊಂಡು ಬಂದಿದ್ದಂತೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಈ ಮೆಷಿನ್ ಕೊಟ್ಟಿದ್ದರು ಅಂತ ಆಮೇಲೆ ಇಲ್ಲೇ ಓದಿ ತಿಳಿದುಕೊಂಡೆ. ಜೊತೆಗೆ ಒಂದು ಬಿಸ್ಕತ್ ಡಬ್ಬಿ ತುಂಬ ಕ್ಯಾಸೆಟ್, ಅದರ ಮೇಲೆ ಮಕ್ಕಳ ಕೈಬರಹ. ಮೆಷಿನ್ ಮೇಲೆ ಚುಕ್ಕೆಗಳಿಂದ ಮಾಡಿದ ಗೂಬೆಯ ಗುರುತು ಇದೆ. ಅದನ್ನು ನೋಡಿ ಅಮ್ಮ, ಗೂಬೆಯನ್ನು ಒಳಗೆ ತರಬೇಡ ಅಂದರು. ಜಗಲಿಯಲ್ಲೇ ಇಟ್ಟು ಒರೆಸಿದೆ.

ಸ್ವಿಚ್ ಹಾಕಿದೆ. ‘ಬೂ’ ಅಂತ ದಪ್ಪ ಸದ್ದು, ಹಿಂದೆಯೇ ಸಣ್ಣ ‘ಬೀಪ್’. ಮೂವತ್ತು ವರ್ಷ ಅಟ್ಟದಲ್ಲಿ ಬಿದ್ದಿದ್ದ ಮೆಷಿನ್ ಅದು! ಹತ್ತು ನಿಮಿಷ ಆಗಿರಬೇಕು, ಹಿಂದಿನಿಂದ ಬಿಳೀ ಹೊಗೆ ಎದ್ದಿತು. ವಾಸನೆ ಎರಡು ದಿನ ಹೋಗಲಿಲ್ಲ. ನನಗೆ ಅಳುವೇ ಬಂತು.

ರಾತ್ರಿ ಹನ್ನೊಂದಕ್ಕೆ ಇಲ್ಲಿ ಫೋಟೋ ಹಾಕಿದ್ದೆ. ಅರ್ಧ ಗಂಟೆಯೊಳಗೆ ಮೈಸೂರಿನ ಒಬ್ಬ ಹಿರಿಯರು ಉತ್ತರ ಕೊಟ್ಟರು. ಮೊದಲ ಸಾಲು, ‘ಪ್ಲಗ್ ತೆಗೆದಿದ್ದೀರಿ ತಾನೆ ಅಮ್ಮ?’ ಆಮೇಲೆ ನಿಧಾನವಾಗಿ ಹೇಳಿದರು. ಪವರ್ ಸಪ್ಲೈಯಲ್ಲಿ ಎರಡು ಫಿಲ್ಟರ್ ಕೆಪಾಸಿಟರ್ ಇರುತ್ತವೆ, ಒಂದು 100 ನ್ಯಾನೋಫ್ಯಾರಡ್, ಇನ್ನೊಂದು 10. ಒಳಗೆ ಕಾಗದ, ಹೊರಗೆ ರಾಳದ ಕವಚ. ವಯಸ್ಸಾದಂತೆ ಕವಚ ಬಿರುಕು ಬಿಟ್ಟು ತೇವ ಒಳಗೆ ಸೇರುತ್ತದೆ, ಕರೆಂಟ್ ಕೊಟ್ಟಾಗ ಸಿಡಿಯುತ್ತದೆ. ನಮ್ಮ ಕೊಡಗಿನ ಮಳೆಗೆ ಕೇಳಬೇಕಾ! ಕಂಪ್ಯೂಟರ್‌ಗೆ ಏನೂ ಆಗಿಲ್ಲ, ಆದರೆ ಇವು ನೇರವಾಗಿ ಮೇನ್ಸ್ ಲೈನಿಗೆ ಕೂರುವುದರಿಂದ ಮೇನ್ಸ್‌ಗೆಂದೇ ಮಾಡಿದ, ಎಕ್ಸ್2 ಅಂತ ಬರೆದಿರುವುದನ್ನೇ ಹಾಕಬೇಕು, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೇಲೆ ಉಳಿದಿರಬಹುದು, ಅವಸರದಲ್ಲಿ ಕೈ ಹಾಕಬೇಡಿ ಅಂದರು.

ಮೂರನೇ ದಿನ ಮೈಸೂರಿನ ಬಸ್ಸಲ್ಲಿ ಪೊಟ್ಟಣ ಬಂತು. ಎರಡು ಕೆಪಾಸಿಟರ್, ಟಿವಿಗೆ ಹಾಕಲು ಒಂದು ಬಿಎನ್‌ಸಿ ಪಿನ್. ಹೋದ ತಿಂಗಳು ಇನ್ನೊಂದು ಡಬ್ಬಿ, ಅದರಲ್ಲಿ ಎಸ್‌ಡಿ ಕಾರ್ಡ್ ಹಾಕುವ ಸಣ್ಣ ಬೋರ್ಡ್ ಮತ್ತು ಅದಕ್ಕೆ ಬೇಕಾದ ತಂತ್ರಾಂಶ ತುಂಬಿದ 27128 ಎಪ್ರಾಮ್ ಅನ್ನುವ ಮೆಮೊರಿ ಚಿಪ್. ಆ ಚಿಪ್ ನಡುವೆ ಒಂದು ಗಾಜಿನ ಕಿಟಕಿ ಇರುತ್ತದಲ್ಲ, ಬೆಳಕು ಬೀಳಬಾರದು ಅಂತ ಅದರ ಮೇಲೆ ಉಗುರಗಲದ ಸ್ಟಿಕರ್ ಅಂಟಿಸಿದ್ದರು. ಸ್ಟಿಕರ್ ಮೇಲೆ ನೀಲಿ ಪೆನ್ನಲ್ಲಿ ‘ಮೂರ್ನಾಡು’ ಅಂತ ಬರೆದಿದ್ದರು. ಅದನ್ನು ಎಷ್ಟು ಸಲ ನೋಡಿದ್ದೇನೋ.

ಅವರ ಮುಖ ನಾನು ನೋಡಿಲ್ಲ. ಯುಪಿಐ ನಂಬರ್ ಕೇಳಿದರೆ ಮಾತು ಬದಲಾಯಿಸುತ್ತಾರೆ. ಮನೆಯ ಕಾಫಿ ಪುಡಿ ಎರಡು ಕೆ.ಜಿ., ಒಂದು ಬಾಟಲಿ ಜೇನು ಕಳಿಸಿದೆ. ಮರುವಾರವೇ ಅವರಿಂದ ನಾಲ್ಕು ಕೀಕ್ಯಾಪ್ ಬಂತು! ಅಪ್ಪ ದಿನಾ ಕೇಳುತ್ತಾರೆ, ಯಾರದೋ ಋಣ ಎಷ್ಟು ದಿನ ಇಟ್ಟುಕೊಳ್ಳುತ್ತೀಯ ಅಂತ. ನಿಮ್ಮಲ್ಲಿ ಇದಕ್ಕೆ ರೂಢಿ ಏನು? ಏನು ಕೊಟ್ಟರೆ ಅವರಿಗೆ ಬೇಸರ ಆಗುವುದಿಲ್ಲ?

ಗೋಣಿಕೊಪ್ಪ_ಝಡ್80

ಅಕ್ಕಾ, ಮೊದಲು ಆ ಯುಪಿಐ ಕೇಳುವುದನ್ನು ನಿಲ್ಲಿಸಿ. ಅವರಿಗೆ ಬೇಸರ ಆಗುವುದಿದ್ದರೆ ಅದರಿಂದಲೇ.

ನನ್ನ ಹತ್ತಿರ 48ಕೆ ಸ್ಪೆಕ್ಟ್ರಂ ಇದೆ, ಅದೂ ಆ ಕಾಲದ ಕಂಪ್ಯೂಟರ್. ಅದರ ಕೆಳಗಿನ 16ಕೆ ಮೆಮೊರಿಗೆ ಎಂಟು 4116 ಚಿಪ್. ಆ ಚಿಪ್‌ಗಳಿಗೆ 5, 12, ಮೈನಸ್ 5, ಹೀಗೆ ಮೂರು ವೋಲ್ಟೇಜ್ ಬೇಕು. ಮೈನಸ್ 5 ತಪ್ಪಿದರೆ ಚಿಪ್ ಸುಟ್ಟು ಹೋಗುತ್ತವೆ. ನನ್ನದು ಹಾಗೇ ಆಗಿತ್ತು. ಪೋಲೆಂಡ್‌ನ ಒಬ್ಬರು, ನನ್ನ ಹರಕು ಇಂಗ್ಲಿಷ್ ಓದಿ, ಎಂಟು ಚಿಪ್ ಅನ್ನು ಸ್ಪಂಜಿಗೆ ಚುಚ್ಚಿ ಅಂಚೆಯಲ್ಲಿ ಕಳಿಸಿದರು. ದುಡ್ಡಿನ ಮಾತು ತೆಗೆದಾಗ ಅವರು ಕೇಳಿದ್ದು ಒಂದೇ, ಓಡಿದ ಮೇಲೆ ಒಂದು ಫೋಟೋ.

ಆರು ವರ್ಷ ಆಯಿತು. ಪ್ರತಿ ಹುತ್ತರಿ ಹಬ್ಬಕ್ಕೆ ಗದ್ದೆಯಿಂದ ಕದಿರು ತಂದ ಮೇಲೆ ಸ್ಪೆಕ್ಟ್ರಂ ಆನ್ ಮಾಡಿ, ಪಕ್ಕದಲ್ಲಿ ಕದಿರು ಇಟ್ಟು ಫೋಟೋ ತೆಗೆದು ಕಳಿಸುತ್ತೇನೆ. ಹೋದ ವರ್ಷ ಎರಡು ದಿನ ತಡವಾಯಿತು, ಅವರೇ ಮೆಸೇಜ್ ಮಾಡಿ ‘ಈ ಸಲ ಭತ್ತ ಬೆಳೆಯಲಿಲ್ವಾ’ ಅಂತ ಕೇಳಿದರು.

ಹಾಸನ_386

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ ಮೇಡಂ.

ನಾನೂ ಹೀಗೆ ಕೊಟ್ಟವನು. ಕೆಲಸ ಮಾಡುತ್ತಿದ್ದ ಒಂದು 386 ಬೋರ್ಡ್, ಹಳೇ ಪಿಸಿಯದು. ಅದರ ಬ್ಯಾಟರಿ ಸೋರಿ ತಾಮ್ರದ ಗೆರೆಗಳು ಹಸಿರಾಗಿದ್ದವು. ವಿನಿಗರ್ ಹಚ್ಚಿ ತೊಳೆದು, ಕೂದಲಿನಷ್ಟು ತೆಳ್ಳಗಿನ ತಂತಿ ಬೆಸುಗೆ ಹಾಕಿ, ಎರಡು ವಾರ ಕೂತು ಬದುಕಿಸಿದ್ದೆ. ಒಬ್ಬ ಹುಡುಗ ತುಂಬ ಆಸೆಯಿಂದ ಕೇಳಿದ, ಕೊಟ್ಟೆ. ಮುಂದಿನ ತಿಂಗಳು ಅದೇ ಬೋರ್ಡ್, ನಾನು ಬೆಸುಗೆ ಹಾಕಿದ ಅದೇ ಹಳದಿ ತಂತಿ, ಮಾರಾಟಕ್ಕೆ ಹಾಕಿದ್ದ ಫೋಟೋದಲ್ಲಿ ಕಾಣಿಸಿತು. ಮಾರಿದ್ದಕ್ಕಲ್ಲ, ನನಗೆ ಒಂದು ಮಾತು ಹೇಳಲಿಲ್ಲ ಅಂತ ನೋವಾಯಿತು. ಒಂದು ವರ್ಷ ಯಾರಿಗೂ ಏನೂ ಕೊಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಅವರಿಗೆ ಒಂದು ಮಾತು ಕೊಡಿ. ಈ ಬೋರ್ಡ್, ಈ ಚಿಪ್ ನನಗೆ ಬೇಡವಾದ ದಿನ ಮೊದಲು ನಿಮ್ಮನ್ನೇ ಕೇಳುತ್ತೇನೆ, ಮಾರುವುದಿಲ್ಲ ಅಂತ ಬರೆದು ಕಳಿಸಿ. ನನಗೆ ಯಾರಾದರೂ ಹಾಗೆ ಬರೆದಿದ್ದರೆ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದೆ.

ಮಾದಾಪುರ_ಅಮಿಗ

ತಂಗೀ, ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ಗೊತ್ತಲ್ಲ. ನಮ್ಮ ಮನೆ ಬೀಳಲಿಲ್ಲ, ಆದರೆ ಹಿಂದಿನ ಗುಡ್ಡದ ಬರೆ ಜಾರಿ ಎರಡು ಕೋಣೆಗೆ ಮೊಣಕಾಲೆತ್ತರ ಕೆಸರು ನುಗ್ಗಿತು. ಎರಡು ಅಮಿಗ 500 ಕಂಪ್ಯೂಟರ್, ನಾಲ್ಕು ಡಬ್ಬಿ ಫ್ಲಾಪಿ, ಎಲ್ಲ ಅದರಡಿಯಲ್ಲಿ. ನಾವು ನೆಂಟರ ಮನೆ ಸೇರಿದ್ದೆವು. ಸಿಗ್ನಲ್ ಸಿಕ್ಕಿದ ದಿನ ಗೆಳೆಯರಿಗೆ ಒಂದೇ ಸಾಲು ಹಾಕಿದ್ದೆ, ‘ನಾವು ಕ್ಷೇಮ, ಮೆಷಿನ್‌ಗಳು ಹೋದವು’ ಅಂತ.

ದಾರಿ ತೆರೆದ ಮೇಲೆ ಮೂರು ಜನ ಜೀಪಿನಲ್ಲಿ ಬಂದರು. ಒಬ್ಬರನ್ನೂ ಅದಕ್ಕೆ ಮೊದಲು ನೋಡಿರಲಿಲ್ಲ. ಅಕ್ಕಿ, ಕಂಬಳಿ, ಗಂಬೂಟು, ಮಕ್ಕಳಿಗೆ ಪುಸ್ತಕ ಇಳಿಸಿದರು. ಎರಡು ದಿನ ನಮ್ಮ ಜೊತೆ ಕೆಸರು ತೆಗೆದರು. ಕಂಪ್ಯೂಟರಿನ ಮಾತು ಎತ್ತಿದ್ದು ಎರಡನೇ ದಿನ ಸಂಜೆ. ಕೆಸರು ಒಣಗಲು ಬಿಡಬಾರದು, ಒಣಗಿದರೆ ಚಿಪ್‌ನ ಕಾಲಿನ ನಡುವೆ ಗಟ್ಟಿಯಾಗುತ್ತದೆ ಅಂತ ಅಂಗಳದಲ್ಲೇ ಬೋರ್ಡ್ ಬಿಚ್ಚಿ, ಹಂಡೆಯ ನೀರಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆದು, ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ಒರೆಸಿ, ಬಟ್ಟೆ ಸುತ್ತಿ ತಮ್ಮ ಜೊತೆ ತೆಗೆದುಕೊಂಡು ಹೋದರು. ಮೂರು ತಿಂಗಳ ಮೇಲೆ ಒಂದು ಅಮಿಗ ಓಡುವ ಸ್ಥಿತಿಯಲ್ಲಿ ವಾಪಸ್ ಬಂತು. ಇನ್ನೊಂದರ ಚಿಪ್‌ಗಳೇ ಇದಕ್ಕೆ ಹೋಗಿದ್ದವು. ಅದನ್ನೂ ಒಂದು ಚೀಟಿಯಲ್ಲಿ ಬರೆದಿದ್ದರು, ಯಾವುದರಿಂದ ಯಾವುದನ್ನು ತೆಗೆದೆವು ಅಂತ.

ಅವರಿಗೆ ಇವತ್ತಿನವರೆಗೂ ನಾನು ದುಡ್ಡು ಕೊಟ್ಟಿಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಬಂದು ಊಟ ಮಾಡಿ ಹೋಗುತ್ತಾರೆ, ಅವರ ಮಕ್ಕಳು ನಮ್ಮನೆಯಲ್ಲಿ ರಜೆ ಕಳೆಯುತ್ತಾರೆ. ಋಣ ಅಂತ ಲೆಕ್ಕ ಹಾಕಲು ಈಗ ಎಲ್ಲಿಂದ ಶುರು ಮಾಡಲಿ?

ಇನ್ನೊಂದು ಮಾತು. ಬಿಸ್ಕತ್ ಡಬ್ಬಿ ಅಂತ ಬರೆದು ಹಾಗೇ ಮುಂದೆ ಹೋಗಿಬಿಟ್ಟಿರಲ್ಲ! ಮೈಸೂರಿನವರಿಗೆ ಕೊಡಬೇಕಾದದ್ದು ಅದೇ. ಬಿಬಿಸಿ ಮೈಕ್ರೋ ಎಲ್ಲೋ ಒಂದು ಕಡೆ ಇನ್ನೂ ಸಿಗುತ್ತದೆ, ಆದರೆ ನಮ್ಮ ಕಡೆಯ ಮಕ್ಕಳು ಆಗ ಬರೆದು ಆ ಕ್ಯಾಸೆಟ್‌ಗಳಲ್ಲಿ ಉಳಿಸಿದ ಪ್ರೋಗ್ರಾಂ ಬೇರೆ ಎಲ್ಲಿ ಸಿಗಬೇಕು? ಬೂಸ್ಟು ಹಿಡಿದಿದ್ದರೆ ಹಾಗೇ ಪ್ಲೇಯರ್‌ಗೆ ಹಾಕಬೇಡಿ. ಮೂಗಿಗೆ ಮಾಸ್ಕ್ ಕಟ್ಟಿ, ಬಲ್ಬ್ ಹಾಕಿದ ಬೀರುವಿನಲ್ಲಿ ಒಣಗಿಸಿ, ಸ್ಕ್ರೂ ಬಿಚ್ಚಿ, ಹತ್ತಿಯಲ್ಲಿ ಮೆಲ್ಲಗೆ ಒರೆಸಿ. ಆಮೇಲೆ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿ. ಎಂಪಿ3 ಬೇಡ, ಅದು ಸದ್ದನ್ನು ಹಿಂಡಿಬಿಡುತ್ತದೆ.

ಕುಶಾಲನಗರ_ನುಡಿ

ಮಾದಾಪುರದ ಅಣ್ಣ ಹೇಳಿದ್ದು ಸರಿ. ಒಂದೇ ಒಂದು ಸೇರಿಸುತ್ತೇನೆ. ಅಕ್ಕ, ನೀವು ಡಿಟಿಪಿ ಮಾಡುವವರು, ನುಡಿ ತಂತ್ರಾಂಶದಲ್ಲಿ ದಿನವಿಡೀ ಒತ್ತುವ ಆ ಕೀಬೋರ್ಡ್ ವಿನ್ಯಾಸ ಕೆ.ಪಿ. ರಾವ್ ಅವರದು. ಅವರು ‘ಸೇಡಿಯಾಪು’ ಅನ್ನುವ ಕನ್ನಡ ತಂತ್ರಾಂಶವನ್ನೂ ಜನರಿಗೆ ಹಾಗೇ ಕೊಟ್ಟವರು. ಆ ವಿನ್ಯಾಸದಿಂದ ನಿಮ್ಮ ಅಂಗಡಿ ನಡೆಯುತ್ತಿದೆ, ನಾವ್ಯಾರೂ ಅವರಿಗೆ ಒಂದು ರೂಪಾಯಿ ಕೊಟ್ಟವರಲ್ಲ. ಅಪ್ಪನಿಗೆ ಇದನ್ನೂ ಹೇಳಿ.

ಮೂರ್ನಾಡು_ಜೆರಾಕ್ಸ್

ಉತ್ತರ ಬರೆಯಲು ಮೂರು ವಾರ ಆಯಿತು, ಕ್ಷಮಿಸಿ. ಮಳೆ ಜಾಸ್ತಿ, ಮಧ್ಯೆ ನಾಲ್ಕು ದಿನ ಕರೆಂಟ್ ಇರಲಿಲ್ಲ.

ಡಬ್ಬಿಯಲ್ಲಿ ಹನ್ನೊಂದು ಕ್ಯಾಸೆಟ್ ಇದ್ದವು. ನಾಲ್ಕರಲ್ಲಿ ಬಿಳೀ ಬೂಸ್ಟು. ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಮೊದಲು ತೆಗೆದುಕೊಂಡೆ. ಟೇಪಿನಿಂದ ಪ್ರೋಗ್ರಾಂ ಓಡಿಸುವ ಚೇನ್ ಕಮಾಂಡ್ ಒತ್ತಿದ ತಕ್ಷಣ ಒಳಗೆ ರಿಲೇ ಟಕ್ ಅಂದಿತು, ಟೇಪ್ ತಾನಾಗಿ ತಿರುಗಲು ಶುರುವಾಯಿತು. ಪರದೆಯಲ್ಲಿ ‘ಕಾಫಿ’ ಅಂತ ಹೆಸರು, ಪಕ್ಕದಲ್ಲಿ 00, 01, 02 ಅಂತ ಎಣಿಕೆ. 03 ಬಂದಾಗ ‘ಡೇಟಾ?’ ಅಂತ ಕೇಳಿ, ಟೇಪ್ ರಿವೈಂಡ್ ಮಾಡು ಅಂದಿತು. ಪ್ಲೇಯರ್ ಹೆಡ್‌ನ ಸ್ಕ್ರೂ ಒಂದು ಕೂದಲೆಳೆಯಷ್ಟು ತಿರುಗಿಸಿದೆ. ಐದನೇ ಸಲಕ್ಕೆ ಪೂರ್ತಿ ಬಂತು.

ಯಾವ ಮಗು ಬರೆದದ್ದೋ. ಎಷ್ಟು ಚೀಲ ಅಂತ ಕೇಳುತ್ತದೆ, ಚೀಲಕ್ಕೆ 50 ಕೆ.ಜಿ. ಲೆಕ್ಕ. ಆಮೇಲೆ ಬೋರ್ಡಿನಿಂದ ಮೊದಲ ಕಂತು ಎಷ್ಟು ಬಂತು, ಎರಡನೇ ಕಂತು ಎಷ್ಟು ಬಂತು ಅಂತ ಕೇಳಿ, ಇನ್ನೂ ಬರಬೇಕಾದದ್ದು ಇಷ್ಟು ಅಂತ ತೋರಿಸುತ್ತದೆ. ಆಗ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು, ನಿಮಗೆ ಗೊತ್ತೇ ಇದೆ. ಅಪ್ಪನನ್ನು ಕರೆದು ತೋರಿಸಿದೆ. ಅವರು ಮಾತಾಡಲಿಲ್ಲ. ಒಳಗೆ ಹೋಗಿ ಹಳೇ ಲೆಕ್ಕದ ಪುಸ್ತಕ ತಂದು, ಒಂದೇ ಬೆರಳಲ್ಲಿ ಒಂದೊಂದು ಅಂಕಿ ಒತ್ತಿ, ಆಗಿನ ಒಂದು ವರ್ಷದ ನಮ್ಮ ತೋಟದ ಲೆಕ್ಕ ಹಾಕಿದರು. ಪುಸ್ತಕದಲ್ಲಿದ್ದದ್ದೇ ಬಂತು. ಋಣದ ಮಾತು ಆಮೇಲೆ ಎತ್ತಿಲ್ಲ.

ಮೈಸೂರಿಗೆ ವೇವ್ ಫೈಲ್ ಕಳಿಸಿದೆ, ಹಾಸನದವರು ಹೇಳಿದ ಹಾಗೆ ಮಾತನ್ನೂ ಬರೆದು ಕೊಟ್ಟೆ. ಅವತ್ತೇ ರಾತ್ರಿ ಫೋನ್ ಬಂತು. ಅವರ ಮೆಷಿನ್‌ನಲ್ಲೂ ಓಡಿತಂತೆ. ಫೋನಿನಲ್ಲೇ ಒಂದೊಂದೇ ಸಾಲು ಓದಿದರು, ಈ ಮಗುವಿಗೆ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಅಂದರು. ಅದು ನಮ್ಮ ಚಿಕ್ಕಪ್ಪ ಇರಬಹುದು ಅಂದೆ. ಉಳಿದ ಹತ್ತನ್ನು ನೀವೊಬ್ಬರೇ ಮಾಡಬೇಡಿ, ನನ್ನ ಡೆಕ್ ತೆಗೆದುಕೊಂಡು ಭಾನುವಾರ ಬರುತ್ತೇನೆ ಅಂದಿದ್ದಾರೆ. ಅಮ್ಮ ಈಗಲೇ ಅಕ್ಕಿ ಹಿಟ್ಟು ಬೀಸಿಸಲು ಕೊಟ್ಟಿದ್ದಾರೆ, ಕಡುಬಿಗೆ.

ಒಂದು ಸಹಾಯ ಬೇಕು. ಒಂದು ಕ್ಯಾಸೆಟ್‌ನ ಟೇಪ್ ತುಂಡಾಗಿದೆ. ಅಂಗಡಿಯಲ್ಲಿರುವ ಸೆಲೋಟೇಪ್ ಹಾಕಿ ಅಂಟಿಸಬಹುದಾ?

ಗೋಣಿಕೊಪ್ಪ_ಝಡ್80

ಸೆಲೋಟೇಪ್ ಬೇಡವೇ ಬೇಡ ಅಕ್ಕಾ. ಅಂಟು ಹೊರಗೆ ಬಂದು ಹೆಡ್‌ಗೆ ಹತ್ತುತ್ತದೆ, ಪಕ್ಕದ ಸುತ್ತಿಗೂ ಹಿಡಿಯುತ್ತದೆ. ನನ್ನ ಹತ್ತಿರ ತುಂಡಾದ ಟೇಪ್ ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ಒಂದು ಸುರುಳಿ ಇದೆ. ನಾಳೆ ಬೆಳಿಗ್ಗೆ ವಿರಾಜಪೇಟೆ ಮೇಲೆ ಮಡಿಕೇರಿಗೆ ಹೋಗುವ ಬಸ್ಸಲ್ಲಿ ಕೊಟ್ಟು ಕಳಿಸುತ್ತೇನೆ. ಮೂರ್ನಾಡು ಸ್ಟ್ಯಾಂಡಿನಲ್ಲಿ ಒಂಬತ್ತೂವರೆಗೆ ನಿಂತಿರಿ, ಕಂಡಕ್ಟರ್ ಹತ್ತಿರ ಹಸಿರು ಕವರ್ ಕೇಳಿ.